ಎಡಗಣ್ಣಿನ ಅಳತೆ

ಹೆಂಡತಿ: ಆ ಟೇಪು ಕೆಳಗಿಡ್ರೀ. ಕಣ್ಣಿನ ಆಪರೇಷನ್‌ಗೆ ಡಾಕ್ಟರು ಅಳತೆ ತಗೋತಾರೆ, ದರ್ಜಿ ಅಲ್ಲ.

ದರ್ಜಿ: ಅಲ್ಲಾಡಬೇಡ. ಮೂಗಿನಿಂದ ಎಷ್ಟು ದೂರ ಹೋಗಿದೆ ನೋಡ್ತೀನಿ.

ಹೊಲಿಗೆ ಅಂಗಡಿಯ ಬಾಗಿಲು ಅರ್ಧ ಹಾಕಿತ್ತು. ಹೆಂಡತಿಯ ಎಡಗಣ್ಣು ಚಿಕ್ಕಂದಿನಿಂದಲೂ ಹೊರಕ್ಕೆ ವಾಲುತ್ತದೆ. ಡಾಕ್ಟರು ಎರಡು ದಾರಿ ಹೇಳಿದ್ದರು: ಎರಡೂ ಕಣ್ಣುಗಳ ಹೊರಗಿನ ಸ್ನಾಯುವನ್ನು ಸಡಿಲ ಮಾಡುವುದು, ಇಲ್ಲವೇ ಎಡಗಣ್ಣೊಂದರಲ್ಲೇ ಹೊರಗಿನದನ್ನು ಸಡಿಲಿಸಿ ಒಳಗಿನದನ್ನು ಬಿಗಿ ಮಾಡುವುದು. ನಿಮಗೆ ಯಾವುದಾದರೂ ಆದೀತು, ಮನೆಯಲ್ಲಿ ಮಾತಾಡಿಕೊಂಡು ಬನ್ನಿ ಎಂದಿದ್ದರು. ಎಡವಟ್ಟಾಗಿದ್ದು ಅಲ್ಲೇ.

ದರ್ಜಿ: ಪ್ಯಾಂಟಿನ ಸೊಂಟ ಬಿಗಿಯಾದ್ರೆ ಎರಡೂ ಬದಿ ಸಮ ಬಿಡ್ತೀವಿ. ಒಂದೇ ಬದಿ ಬಿಟ್ರೆ ವಾಲುತ್ತೆ.

ಹೆಂಡತಿ: ಇದು ಆಗಲೇ ವಾಲಿದೆ. ನೆಟ್ಟಗಿರೋ ಬಲಗಣ್ಣಿಗೆ ಯಾಕೆ ಕತ್ತರಿ?

ದರ್ಜಿ: ಜೋಡಿ ಅಂದ್ಮೇಲೆ ಜೋಡಿ. ಒಂದು ತೋಳು ಕೆಟ್ರೆ ನಾನು ಎರಡೂ ಬಿಚ್ತೀನಿ.

ಹೆಂಡತಿ: ಹಾಗೆ ಬಿಚ್ಚಿ ಬಿಚ್ಚಿನೇ ಮೇಷ್ಟ್ರ ಕೋಟಿಗೆ ತೋಳೇ ಉಳೀಲಿಲ್ಲ. ಹೋಗ್ಲಿ, ನಿಮ್ಮಿಷ್ಟ. ಎರಡೂ ಕಣ್ಣು ಮಾಡಿಸ್ತೀನಿ.

ದರ್ಜಿ: ಎರಡೂನಾ? ಅಷ್ಟು ಅವಸರ ಏನಿದೆ?

ಹೆಂಡತಿ: ಹಾಗಾದ್ರೆ ಒಂದೇ.

ದರ್ಜಿ: ಒಂದು ಕಡೆ ಸಡಿಲ, ಒಂದು ಕಡೆ ಬಿಗಿ. ನೆರಿಗೆ ಬಿದ್ರೆ?

ಅವಳು ಟೇಪು ಕಿತ್ತುಕೊಂಡಳು.

ಹೆಂಡತಿ: ನಿಮಗೆ ಆಪರೇಷನ್ನೇ ಬೇಡ, ಗೊತ್ತಾಯ್ತು. ನಾನು ಗಿರಾಕಿ ಹತ್ರ ಮಾತಾಡಿದ್ರೆ, ಇವಳು ಯಾರನ್ನ ಕರೀತಿದಾಳೆ ಅಂತ ಅವ್ರು ಹಿಂದೆ ತಿರುಗಿ ನೋಡ್ತಾರೆ. ಮೇಲೆ ನಗ್ತೀನಿ, ಒಳಗೆ ನೋಯುತ್ತೆ ಕಣ್ರೀ.

ದರ್ಜಿ: ಆ ಕಣ್ಣಿಂದಲೇ ಅಲ್ವೇನೆ ನಮ್ಮ ಮದುವೆ ಆಗಿದ್ದು? ನೀನು ಮೊದಲ ಸಲ ಅಂಗಡಿಗೆ ಬಂದಾಗ ಎದುರಿಗೆ ನಿಂತು ಮಾತಾಡಿಸಿದ್ದು ನಮ್ಮಣ್ಣ. ನೀನು ಮಾತ್ರ ಪಕ್ಕದಲ್ಲಿ ಮಷೀನ್ ಮುಂದೆ ಕೂತಿದ್ದ ನನ್ನನ್ನೇ ನೋಡ್ತಿದ್ದೆ. ಆ ಧೈರ್ಯದ ಮೇಲೇ ನಾನು ಮದುವೆ ಮಾತು ಎತ್ತಿದ್ದು.

ಹೆಂಡತಿ: ನಾನು ನೋಡ್ತಿದ್ದಿದ್ದು ನಿಮ್ಮಣ್ಣನ್ನ.

ದರ್ಜಿ ಮೆಲ್ಲನೆ ಸ್ಟೂಲಿನ ಮೇಲೆ ಕುಳಿತ.

ದರ್ಜಿ: ಮತ್ತೆ ಯಾಕೆ ಒಪ್ಪಿದೆ?

ಹೆಂಡತಿ: ನೀವು ಕೇಳಿದ್ಮೇಲೆ ತಿರುಗಿ ನೋಡಿದೆ. ಪರವಾಗಿಲ್ಲ ಅನ್ನಿಸ್ತು.

ಅವಳು ಟೇಪನ್ನು ಸುತ್ತಿ ಅವನ ಕೊರಳಿಗೇ ಹಾಕಿದಳು.

ದರ್ಜಿ: ಸರಿ, ಎಡಗಣ್ಣೊಂದೇ ಮಾಡಿಸ್ಕೋ. ಆದ್ರೆ ಪಟ್ಟಿ ಬಿಚ್ಚೋ ದಿನ ಅಣ್ಣ ಆಸ್ಪತ್ರೆ ಕಡೆ ತಲೆ ಹಾಕೋದು ಬೇಡ.