ಶಾರ್ಜಾಳ ಕರುಳಿನಲ್ಲಿ ಕಿಕ್ಕಿರಿದಿರುವ ಜಂತುಹುಳುಗಳ ಸನ್ನಿಧಾನಕ್ಕೆ

ಬಿಳಿಮೈಯ, ನೀಳಕಾಯದ, ಎರಡೂ ತುದಿ ಚೂಪಾದ ಮಾನ್ಯರೇ,

ಕೈಮುಗಿದು ಬಿನ್ನಹ. ತಮ್ಮ ದರ್ಶನಭಾಗ್ಯ ನಮಗಿನ್ನೂ ಆಗಿಲ್ಲ; ಬೇಗನೆ ಆಗಲಿ ಎಂದೇ ಈ ಪತ್ರ.

ನನ್ನ ಹೆಂಡತಿ ಪ್ರೇಮಾವತಿಯ ತಮ್ಮ ಸುಕುಮಾರ ಮೊಗ್ರಾಲಿನ ತನ್ನ ಮನೆಯ ಹಿಂದೆ ಸಾಕಿರುವ ಹೆಣ್ಣು ಕುದುರೆಮರಿಯ ಸಣ್ಣ ಕರುಳಿನಲ್ಲಿ ತಾವು ಸಪರಿವಾರ ನೆಲೆಸಿರುವ ಸಂಗತಿ ನಮಗೆ ತಿಳಿದದ್ದು ತಡವಾಗಿ. ಮರಿಯ ಹೊಟ್ಟೆ ಉಬ್ಬಿ, ಪಕ್ಕೆಲುಬು ಎದ್ದು, ರೋಮ ಒರಟಾದಾಗ ನೆರೆಮನೆಯ ಉಗ್ಗಪ್ಪಣ್ಣ ಬೇಲಿಯಾಚೆಯಿಂದ, "ಎಂತ ಮಾರಾಯ, ಹಲಸಿನಹಣ್ಣಿಗೆ ನಾಲ್ಕು ಕಾಲು ಇಟ್ಟಿದ್ದೀಯಾ?" ಎಂದು ಕೇಳಿದ್ದುಂಟು. ಸುಕುಮಾರ ಮಾತ್ರ ಅದನ್ನು ಪುಷ್ಟಿಯೆಂದೇ ತಿಳಿದ. ಗಲ್ಫಿನ ಶಾರ್ಜಾದಲ್ಲಿದ್ದಷ್ಟು ಕಾಲವೂ ಕುದುರೆಲಾಯವೊಂದರ ಎದುರಿನ ಟಯರಂಗಡಿಯಲ್ಲಿ ದುಡಿದವನಾದ್ದರಿಂದ ಅವನಿಗೆ ಕುದುರೆಗಳ ವಿಷಯದಲ್ಲಿ ರಸ್ತೆಯ ಆಚೆಬದಿಯಿಂದ ಕಾಣುವಷ್ಟು ಪಾಂಡಿತ್ಯ ಉಂಟು. ಮರಿಗೆ ಶಾರ್ಜಾ ಎಂದು ಹೆಸರಿಟ್ಟದ್ದೂ ಅದೇ ಅಭಿಮಾನದಿಂದ.

ತಮ್ಮ ಜೀವನಕ್ರಮವನ್ನು ಹೊಗಳದೆ ಮುಂದೆ ಹೋದರೆ ನಾನು ಕೃತಘ್ನನಾದೇನು. ಮೊಟ್ಟೆಯಾಗಿ ಹುಲ್ಲಿನೊಡನೆ ಒಳಹೊಕ್ಕು, ಯಕೃತ್ತು, ಶ್ವಾಸಕೋಶಗಳ ತೀರ್ಥಯಾತ್ರೆ ಮುಗಿಸಿ, ಕೆಮ್ಮಿನ ಜತೆ ಗಂಟಲಿಗೇರಿ, ಮತ್ತೆ ನುಂಗಿಸಿಕೊಂಡು ಕರುಳಿಗೇ ಮರಳಿ ಗೃಹಪ್ರವೇಶ ಮಾಡುವ ತಮ್ಮ ನಿಷ್ಠೆ ನಮ್ಮ ಕುಟುಂಬದಲ್ಲಿ ಯಾರಿಗೂ ಇಲ್ಲ. ಕರುಳೇ ಊರು, ಬಂದದ್ದೇ ಸಾರು, ಬಾಡಿಗೆ ಕೇಳುವವರು ಯಾರು?

ಇಷ್ಟರಲ್ಲಿ ನಿನ್ನೆ ಆಟಿ ತಿಂಗಳ ಅಮಾವಾಸ್ಯೆ ಬಂತು. ಅಂದು ಬೆಳಗ್ಗೆ ಬರಿಹೊಟ್ಟೆಗೆ ಪಾಲೆಮರದ ತೊಗಟೆಯ ಕಹಿ ಕಷಾಯ ಕುಡಿದರೆ ಹೊಟ್ಟೆಯ ಹುಳುವೆಲ್ಲ ಸಾಯುತ್ತದೆಂಬುದು ನಮ್ಮ ನಂಬಿಕೆ. ಆ ದಿನ ಮನೆಯವರು ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಶಾರ್ಜಾಳೂ ಮನೆಯವಳೇ ಎಂದು ಸುಕುಮಾರ ಸಂಪ್ರದಾಯದಂತೆ ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೆಗೆದ ತೊಗಟೆಯ ಕಷಾಯವನ್ನು ಅವಳಿಗೂ ಕುಡಿಸಿ, ಉಷ್ಣವಾಗದಿರಲೆಂದು ಒಂದು ಬಕೆಟ್ ಮೆಂತೆಗಂಜಿಯನ್ನೂ ಇಟ್ಟ. ಅದಕ್ಕೂ ಹೊಟ್ಟೆ ಇಳಿಯದಾಗ, ಇದು ಪುಷ್ಟಿಯಲ್ಲ, ತಾವೇ ಎಂದು ಅವನಿಗೂ ಅನುಮಾನ ಬಂದು, ಮಧ್ಯಾಹ್ನ ದೊಡ್ಡ ಕುದುರೆಯ ತೂಕಕ್ಕೆಂದು ಅಳತೆಯಿದ್ದ ಹುಳುಮದ್ದಿನ ಟ್ಯೂಬನ್ನು ಮರಿಯ ಬಾಯಿಗೆ ಪೂರ್ತಿ ಹಿಂಡಿದ. "ಸ್ವಲ್ಪ ಸಾಕಲ್ವಾ?" ಎಂದು ಪ್ರೇಮಾವತಿ ಕೇಳಿದ್ದಕ್ಕೆ, "ಕುದುರೆಗೆ ಎಂತ ಅಕ್ಕ ಜಿಪುಣತನ?" ಎಂದ.

ನನ್ನ ದೂರು ಇಲ್ಲಿಂದ ಆರಂಭ. ತಾವು ಸತ್ತಿರಿ, ಬೇಡ ಎಂದವರಿಲ್ಲ. ಆದರೆ ಹೀಗೆ ಎಲ್ಲರೂ ಒಟ್ಟಿಗೆ, ಒಂದೇ ತಿರುವಿನಲ್ಲಿ, ಒಬ್ಬರ ಮೇಲೊಬ್ಬರು ಹಗ್ಗದ ಉಂಡೆಯಂತೆ ಬಿದ್ದು ದಾರಿ ಕಟ್ಟುವುದು ಯಾವ ಮರ್ಯಾದೆ? ಇಂದು ಬೆಳಗ್ಗಿನಿಂದ ಮರಿ ನೆಲಕ್ಕುರುಳಿ ಹೊಟ್ಟೆಯ ಕಡೆ ನೋಡಿ ನೋಡಿ ಒದ್ದುಕೊಳ್ಳುತ್ತಿದೆ. ಮೃಗವೈದ್ಯೆ ಜ್ಯೋತ್ಸ್ನಾ ಬಂದು ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ ಬಿಟ್ಟು, ನೋವಿಗೆ ಚುಚ್ಚುಮದ್ದು ಕೊಟ್ಟು, "ಹುಳು ಸತ್ತದ್ದು ತಪ್ಪಲ್ಲ ಮಾರಾಯ್ರೇ, ಒಟ್ಟಿಗೆ ಸತ್ತದ್ದು ತಪ್ಪು. ಮೆಲ್ಲಮೆಲ್ಲ ಕೊಲ್ಲಬೇಕಿತ್ತು" ಎಂದರು. ಸಂಜೆಯೊಳಗೆ ದಾರಿ ತೆರೆಯದಿದ್ದರೆ ಕರುಳು ಒಡೆಯಬಹುದಂತೆ. ಹೊಟ್ಟೆ ಕೊಯ್ದು ತೆಗೆಯುವ ಆಸ್ಪತ್ರೆ ಮುಟ್ಟುವಷ್ಟು ತ್ರಾಣ ಮರಿಗಿಲ್ಲವಂತೆ. ಸುಕುಮಾರ ಅದರ ಕುತ್ತಿಗೆ ತಬ್ಬಿ ಕೂತಿದ್ದಾನೆ. ಉಗ್ಗಪ್ಪಣ್ಣನೂ ತಮಾಷೆ ಬಿಟ್ಟು ಬೇಲಿ ದಾಟಿ ಬಂದು ಚಿಮಿಣಿಯಂತೆ ಬೀಡಿ ಸೇದುತ್ತಿದ್ದಾರೆ.

ಆದ್ದರಿಂದ ಮಾನ್ಯರೇ, ವಿದ್ಯಾನಗರದ ಸರ್ಕಾರಿ ಕಚೇರಿಯಲ್ಲಿ ನಾವೆಲ್ಲ ಟೋಕನ್ ಹಿಡಿದು ಒಬ್ಬೊಬ್ಬರಾಗಿ ಒಳಹೋಗುವಂತೆ ತಾವೂ ಹಿರಿಯರು ಮುಂದಾಗಿ, ಕಿರಿಯರು ಹಿಂದಾಗಿ, ನೂಕುನುಗ್ಗಲಿಲ್ಲದೆ ಹಿಂಬಾಗಿಲಿನಿಂದ ಹೊರಬರಬೇಕೆಂದು ಕೋರುತ್ತೇನೆ. ತಾವು ಸತ್ತಿದ್ದೀರೆಂಬುದನ್ನು ಇದಕ್ಕೆ ನೆಪ ಮಾಡಬಾರದೆಂದು ವಿನಂತಿ. ಅಗತ್ಯವಿದ್ದಲ್ಲಿ ಉಂಡ ಉಪ್ಪಿನ ಋಣಕ್ಕಾದರೂ ಒಮ್ಮೆ ಬದುಕಿ, ದಾರಿ ಬಿಟ್ಟು, ಮತ್ತೆ ಸಾಯಿರಿ. ನಮ್ಮದೇನೂ ಆಕ್ಷೇಪವಿಲ್ಲ.

ತಮ್ಮ ನಿರ್ಗಮನದ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಜಿತೇಂದ್ರ
(ಸುಕುಮಾರನ ಭಾವ)

ವಿ.ಸೂ.: ಸಹಿ ಹಾಕಿ ತಲೆಯೆತ್ತುವಾಗ ತಾವು ಎಣ್ಣೆಯಲ್ಲಿ ಮಿಂದು, ಗೊಂಚಲು ಗೊಂಚಲಾಗಿ ಹೊರಬಿದ್ದಿರಿ. ಸರದಿಯ ಶಿಸ್ತನ್ನು ಪಾಲಿಸಲಿಲ್ಲವಾದರೂ ಧನ್ಯವಾದ. ತಮ್ಮ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರುತ್ತವೆಂದು ಡಾಕ್ಟರು ಹೇಳಿದ್ದರಿಂದ ಲಾಯದ ಲದ್ದಿಯನ್ನೆಲ್ಲ ಬಾಚುತ್ತಿದ್ದೇವೆ. ತಮ್ಮ ಸಂತತಿ ಬೇರೆ ಹೊಟ್ಟೆ ನೋಡಿಕೊಳ್ಳುವುದು ಒಳ್ಳೆಯದು. ಶಾರ್ಜಾ ನಡುಗುವ ಕಾಲಲ್ಲಿ ಎದ್ದು ನಿಂತವಳೇ ಮೊದಲು ಮಾಡಿದ ಕೆಲಸವೆಂದರೆ ಸುಕುಮಾರನ ತೋಳಿಗೆ ಬಾಯಿ ಹಾಕಿದ್ದು. "ಕಚ್ಚಿತಾ?" ಎಂದು ಎಲ್ಲರೂ ಓಡಿದರೆ ಅವನು ಅಳುತ್ತಾ ನಗುತ್ತಿದ್ದ. ಪ್ರೇಮಾವತಿ ಗಾಯ ನೋಡಿ, "ಇದಕ್ಕೆ ಬುದ್ಧಿ ಉಂಟು. ಮದ್ದು ಕುಡಿಸಿದ್ದು ಯಾರಂತ ಮರೆಯಲಿಲ್ಲ" ಎಂದಳು.