ಗುಡ್ಡದಿಂದ ಉರುಳಿಸುವ ಇಂಗ್ಲಿಷ್ ಪದ್ಯದವರಿಗೆ

ಮಾನ್ಯ ಶಿಶುಗೀತೆಯವರೇ,

ನೀರಿಗೆಂದು ಗುಡ್ಡ ಹತ್ತಿದ ಹುಡುಗ ಜಾರಿ ತಲೆ ಒಡೆದುಕೊಳ್ಳುವ, ಹಿಂದೆಯೇ ಹುಡುಗಿಯೂ ಉರುಳಿಬರುವ ತಮಗೆ ಮಾಯಸಂದ್ರದ ತೆಂಗಿನ ತೋಟದ ತೋಂಟದಾರ್ಯನ ಶರಣು. ತಮ್ಮನ್ನು ಕರೆತಂದವರು ದೇಶ ಬಿಟ್ಟು ಹೋದರೂ ನಮ್ಮ ನರ್ಸರಿ ಶಾಲೆಗಳನ್ನು ಬಿಟ್ಟುಹೋಗದ ತಮ್ಮ ನಿಷ್ಠೆಗೆ ತಲೆಬಾಗುತ್ತೇನೆ.

ತಮ್ಮ ಹುಟ್ಟಿನ ಬಗ್ಗೆ ಮೊಬೈಲಿನಲ್ಲಿ ಓದಿದೆ. ತಮ್ಮ ಹುಡುಗ ಹುಡುಗಿಯ ಹೆಸರನ್ನೇ ಹೊತ್ತ ಹೆಂಡದ ಅಳತೆಗಳನ್ನು ರಾಜನೊಬ್ಬ ಕಿರಿದು ಮಾಡಿದ್ದನ್ನು ಆಡಿಕೊಳ್ಳಲು ಹುಟ್ಟಿದಿರೆಂದು ಕೆಲವರು, ಚಂದ್ರ ಎತ್ತಿಕೊಂಡು ಹೋದ ಮಕ್ಕಳ ಕಥೆಯೆಂದು ಕೆಲವರು; ಇಂಗ್ಲೆಂಡಿನ ಹಳ್ಳಿಯೊಂದು ಆ ಗುಡ್ಡ ತನ್ನದೇ ಎನ್ನುತ್ತದಂತೆ. ಯಾವುದಕ್ಕೂ ಗಟ್ಟಿ ಆಧಾರವಿಲ್ಲ. ನನ್ನ ಮನೆಯಾಕೆ ಗುರುಸಿದ್ದಮ್ಮನ ಸಂಶಯವೇ ಬೇರೆ: "ನೀರು ತಗ್ಗಲ್ಲಿರ್ತದೆ ಕಣ್ರೀ. ಗುಡ್ಡದ್ ತುದೀಲಿ ಬಾವಿ ತೋಡ್ಸಿದ ಪುಣ್ಯಾತ್ಮ ಯಾರು?" ತಮ್ಮ ಮುಂದಿನ ಚರಣದಲ್ಲಿ ಒಡೆದ ತಲೆಗೆ ವಿನಿಗರ್ ಹಚ್ಚಿ ಕಾಗದ ಸುತ್ತಿದರೆಂದು ಕೇಳಿದ ಮೇಲೆ ಆಕೆ ಕೊಬ್ಬರಿ ಎಣ್ಣೆ ಕಳಿಸಲು ಸಿದ್ಧಳಿದ್ದಾಳೆ, ವಿಳಾಸ ತಿಳಿಸುವುದು.

ಇನ್ನು ದೂರು. ಶಾಲಾ ವಾರ್ಷಿಕೋತ್ಸವದಲ್ಲಿ ತಮ್ಮನ್ನೇ ಆಡಿಸಿದರು. ಉರುಳುವ ಹುಡುಗಿ ನನ್ನ ಮೊಮ್ಮಗಳು ಜೀವಿತಾ. ಅಭ್ಯಾಸದಲ್ಲೇ ಅವಳು ಟೀಚರ್ ಅನುಪಮಾ ಅವರನ್ನು ಕೇಳಿದಳಂತೆ: "ಜಾರಿದ್ದು ಅವ್ನು ಮಿಸ್, ನಾನ್ಯಾಕೆ ಬೀಳ್ಬೇಕು?"

"ಪದ್ಯದಲ್ಲಿ ಹಂಗಿದೆ. ಬೀಳ್ದಿದ್ರೆ ಪಾರ್ಟು ಬೇರೆಯವ್ರಿಗೆ."

ಮಗು ಮನೆಗೆ ಬಂದು ಊಟ ಬಿಟ್ಟು ಕೂತಿತು. "ಬಿದ್ಬುಡು ಪುಟ್ಟಿ, ಕೆಳಗೆ ಹಾಸಿಗೆ ಹಾಕಿರ್ತಾರೆ," ಎಂದು ನಾನು ಪುಸಲಾಯಿಸಿದ ಮೇಲೆ ಹೂಂ ಎಂದಿತು.

ಆ ದಿನ ವೇದಿಕೆಯ ಗುಡ್ಡದಿಂದ ಹುಡುಗ ಚೆನ್ನಾಗಿಯೇ ಬಿದ್ದ. ಆದರೆ ಹಾಸಿಗೆ ತಪ್ಪಿ ಹಲಗೆಯ ಮೇಲೆ ಬಿದ್ದು, ಮಂಡಿ ತರಚಿ ನಿಜವಾಗಿಯೇ ಅತ್ತ. ಹಾಡು ಓಡುತ್ತಿತ್ತು. ಜೀವಿತಾ ಉರುಳಲಿಲ್ಲ. ಬಕೆಟ್ಟು ಕೆಳಗಿಟ್ಟು, ಗುಡ್ಡದ ಹಿಂದಿನ ಮೆಟ್ಟಿಲಿಳಿದು ಬಂದು, ತನ್ನ ಲಂಗದಂಚಿನಿಂದ ಅವನ ಮಂಡಿ ಒರೆಸಿದಳು. "ಏಳೋ, ಏನೂ ಆಗಿಲ್ಲ ಕಣೋ," ಎಂದದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿತು. ಇಬ್ಬರೂ ಬಕೆಟ್ಟಿನ ಹಿಡಿ ಹಿಡಿದುಕೊಂಡು ನಡೆದೇ ಹೋದರು. ಜನ ಎದ್ದು ಚಪ್ಪಾಳೆ ತಟ್ಟಿದರು; ಅನುಪಮಾ ಅವರು ಹಾಡು ನಿಲ್ಲಿಸುವುದನ್ನೇ ಮರೆತು ಕಣ್ಣೊರೆಸಿಕೊಳ್ಳುತ್ತಿದ್ದರು. ಎಲ್ಲರಿಗಿಂತ ಕೊನೆಗೆ ಚಪ್ಪಾಳೆ ನಿಲ್ಲಿಸಿದವನು ನಾನೇ ಎಂದು ತಮ್ಮಲ್ಲಿ ಮುಚ್ಚಿಡಲಾರೆ.

ಆದಕಾರಣ ತಾವು ಹುಡುಗಿ ಉರುಳುವ ಸಾಲನ್ನು ಎಲ್ಲ ಪುಸ್ತಕಗಳಿಂದ ವಾಪಸು ಪಡೆಯುವುದು. ಅದು ಆಗದಿದ್ದರೆ, ಇನ್ನು ಮುಂದೆ ಅವಳನ್ನು ಒಂದು ಮಾತು ಕೇಳಿ ಬೀಳಿಸುವುದು.

ಬೀಳದವಳ ತಾತನೂ ತಮ್ಮ ವಿಶ್ವಾಸಿಯೂ ಆದ
ತೋಂಟದಾರ್ಯ

ತಾ.ಕ.: ಮುಂದಿನ ವರ್ಷಕ್ಕೆ ಸೇತುವೆ ಕುಸಿಯುವ ಪದ್ಯವನ್ನು, ಅಂದರೆ ತಮ್ಮ ಬಂಧುವನ್ನು, ಆರಿಸಿದ್ದಾರಂತೆ. ದಯವಿಟ್ಟು ಅವರಿಗೆ ತೊಂದರೆ ಕೊಡಬೇಡಿ; ಆ ವಿದ್ಯೆಯಲ್ಲಿ ನಮ್ಮ ಕಂಟ್ರಾಕ್ಟರುಗಳು ಇಂಗ್ಲೆಂಡಿನಿಂದ ಕಲಿಯಬೇಕಾದ್ದು ಏನೂ ಉಳಿದಿಲ್ಲ.