ಸಂಶಯ ಅಳೆಯುವ ನನ್ನ ತಮ್ಮ

ಸಮರ್ಥ, ಸೃಷ್ಟಿ, ನಿಮ್ಮ ಮಾಮಾಜ್ಜ, ಅಂದರೆ ನನ್ನ ತಮ್ಮ, ಮಾತು ಕಲಿತಾಗಿನಿಂದ ಇಂದಿನವರೆಗೆ ಒಂದು ಸಂಖ್ಯೆಯನ್ನೂ ಒಂಟಿಯಾಗಿ ಬಾಯಿಂದ ಹೊರಗೆ ಕಳಿಸಿದವನಲ್ಲ! ಹೊಸ ಮದುಮಗಳ ಜೊತೆಗೆ ತವರಿನಿಂದ ಒಬ್ಬಾಕೆ ಹೋಗುವಂತೆ, ಅವನ ಪ್ರತಿ ಸಂಖ್ಯೆಯ ಬೆನ್ನಿಗೆ ‘ಹೆಚ್ಚು ಕಮ್ಮಿ ಇಷ್ಟು’ ಎಂಬ ಇನ್ನೊಂದು ಸಂಖ್ಯೆ ಹೋಗಲೇಬೇಕು.

“ಎಷ್ಟ ರೊಟ್ಟಿ ಬಡೀಲೋ?” ಎಂದು ಒಮ್ಮೆ ಕೇಳಿದೆ.

“ಮೂರು. ಹೆಚ್ಚು ಕಮ್ಮಿ ಒಂದು.”

ನಾಲ್ಕು ಬಡಿದಿಟ್ಟೆ. ಎರಡು ತಿಂದು ಕೈ ತೊಳೆದ. ಉಳಿದ ಎರಡನ್ನು ತೋರಿಸಿದರೆ, “ಮೂರಕ್ಕ ಒಂದ ಕಮ್ಮಿ. ಕೊಟ್ಟ ಮಾತ ಮೀರಿಲ್ಲಕ್ಕಾ” ಎಂದ! ಇಂಥವನ ಮೇಲೆ ಸಿಟ್ಟಾದರೂ ಹೇಗೆ ಮಾಡುವುದು?

ಸಂಪಗಾಂವಕ್ಕೆ ಕನ್ಯೆ ನೋಡಲು ಹೋದಾಗಲೂ ಇದೇ ಹಾಡು. ಹುಡುಗಿಯ ಅಪ್ಪ ವಯಸ್ಸು ಕೇಳಿದರು. “ಇಪ್ಪತ್ತೇಳ್ರಿ. ಹೆಚ್ಚು ಕಮ್ಮಿ ಆರ ತಿಂಗಳ. ಸಾಲಿಗೆ ಹಾಕುವಾಗ ಮಾಸ್ತರು ತಾರೀಖ ಅಂದಾಜಿನ ಮ್ಯಾಲ ಬರದಾರ್ರಿ” ಎಂದ. ಅವರು ನಮ್ಮಪ್ಪನ ಕಡೆ ತಿರುಗಿ, “ಏನ್ರಿ, ವರಗ ತಾ ಹುಟ್ಟಿದ್ದರ ಖಾತ್ರೀನಾದರೂ ಐತೋ ಇಲ್ಲೋ?” ಎಂದರು. ಬಾಗಿಲ ಹಿಂದಿದ್ದ ಹುಡುಗಿ ಕಿಸಕ್ಕನೆ ನಕ್ಕಳು. ಅವಳನ್ನೇ ಮಾಡಿಕೊಂಡ.

ಅವನ ಉದ್ಯೋಗವೂ ಸ್ವಭಾವಕ್ಕೆ ತಕ್ಕದ್ದೇ. ಹಳೆಯ ಕೋಟೆ, ಗುಡಿಗಳನ್ನು ಅಳೆಯುತ್ತಾನೆ. ಮೂರು ಕಾಲಿನ ಮೇಲೆ ನಿಲ್ಲುವ ಒಂದು ಯಂತ್ರವಿದೆ. ಅದರ ತಲೆ ತಿರುಗುತ್ತ ಲೇಸರ್ ಬೆಳಕನ್ನು ಕಲ್ಲಿಗೆ ಎಸೆಯುತ್ತದೆ, ಮರಳಿ ಬಂದ ಬೆಳಕಿನಿಂದ ಕಲ್ಲು ಎಷ್ಟು ದೂರವಿದೆ ಎಂದು ತಿಳಿಯುತ್ತದೆ. ಹೀಗೆ ಲಕ್ಷಗಟ್ಟಲೆ ಚುಕ್ಕೆಗಳು! ಇಪ್ಪತ್ತೊಂದು ಚುಕ್ಕೆಯ ರಂಗೋಲಿಗೇ ನನ್ನ ನಡು ಹಿಡಿಯುತ್ತದೆ.

ಇಷ್ಟಾದರೂ ಅವನಿಗೆ ಯಂತ್ರದ ಮೇಲೆ ಪೂರ್ತಿ ನಂಬಿಕೆಯಿಲ್ಲ. ಕಲ್ಲು ಕಪ್ಪಾಗಿದ್ದರೆ ಒಂದು ಸಂಶಯ, ಹಸಿಯಾಗಿದ್ದರೆ ಒಂದು, ಬೆಳಕು ಓರೆಯಾಗಿ ಬಿದ್ದರೆ ಇನ್ನೊಂದು, ಯಂತ್ರ ದೂರ ನಿಂತರೆ ಮತ್ತೊಂದು. ಅವನ್ನೆಲ್ಲ ಕೂಡಿಸಿ, ಅಳತೆ ಎಷ್ಟು ಆಚೀಚೆ ಆದೀತು ಎಂದು ಪುಟಗಟ್ಟಲೆ ಗಣಿತ ಮಾಡುತ್ತಾನೆ. ನಮ್ಮೂರು ತೊರಗಲ್ಲಿನ ಹಿರಿಯರೊಬ್ಬರು, “ಅಲ್ಲೋ ಮಾರಾಯಾ, ಇಷ್ಟ ದೊಡ್ಡ ಯಂತ್ರ ತಂದು ಸಂಶಯ ಅಳೀತಿಯೇನು?” ಎಂದು ಕೆಣಕಿದರು.

“ಹೌದ್ರಿ ಕಾಕಾ. ಗ್ವಾಡಿ ಯಾರರ ಅಳೀತಾರ!”

ಅವನು ಆಗ ಅಳೆಯುತ್ತಿದ್ದದ್ದು ನಮ್ಮ ಓಣಿಯ ಹಿಂದಿನ ಕೋಟೆಗೋಡೆ. ಅದು ಹೊಟ್ಟೆ ಬಿಟ್ಟಿದೆಯೆಂದು ಊರಿಗೆಲ್ಲ ಅಂಜಿಕೆ. ಬೇಸಿಗೆಯಲ್ಲಿ ಒಮ್ಮೆ ಅಳೆದಿದ್ದ. ಮಳೆಗಾಲ ಮುಗಿದ ಮೇಲೆ ಮತ್ತೆ ಅಳೆಯುವುದು, ಗೋಡೆ ಮುಂದೆ ಸರಿದಿದ್ದರೆ ಬುಡದಲ್ಲಿರುವ ನಾಲ್ಕು ಮನೆಗಳನ್ನು ಖಾಲಿ ಮಾಡಿಸುವುದು ಎಂದು ಠರಾವಾಗಿತ್ತು. ಅದರಲ್ಲಿ ನಮ್ಮದೊಂದು, ಕೋಟೆಗೋಡೆಯೇ ನಮ್ಮ ಹಿತ್ತಲ ಗೋಡೆ. ಪಕ್ಕದ್ದು ಗಂಗವ್ವನದು. ಅವಳ ಸೊಸೆ ಹಸಿ ಬಾಣಂತಿ.

ಎರಡನೆಯ ಸಲ ತಮ್ಮ ಬರಲಿಲ್ಲ. ಅವನ ಜೊತೆ ಕೆಲಸ ಮಾಡುವ ಇಬ್ಬರು ಹೆಣ್ಣುಮಕ್ಕಳು ಬಂದು ಅಳೆದು ಹೋದರು. ನನ್ನ ಹಿತ್ತಲು ನೋಡಿ, “ಗ್ವಾಡಿ ಎಷ್ಟ ಚಂದ ಇಟ್ಟೀರಿ ಅಮ್ಮಾ” ಎಂದು ಹೊಗಳಿದರು. ನಾನು ನಾಚಿಕೊಂಡು ಚಹಾ ಕೊಟ್ಟೆ.

ಆಮೇಲೆ ಚಾವಡಿಯಲ್ಲಿ ಸಭೆ ಸೇರಿತು. ತಮ್ಮ ಬೆಳಗಾವಿಯಿಂದ ಕಾಗದ ಹಿಡಿದು ಬಂದ. ಅವತ್ತು ಅವನ ಮುಖದಲ್ಲಿ ನಗೆಯಿರಲಿಲ್ಲ.

“ಅಕ್ಕನ ಹಿತ್ತಲದಾಗ ಗ್ವಾಡಿ ಆರು ಮಿಲಿಮೀಟರ್ ಮುಂದ ಬಂದೈತ್ರಿ. ನನ್ನ ಸಂಶಯ ಎಲ್ಲಾ ಕೂಡಿಸಿದರೂ ಎರಡ ದಾಟಂಗಿಲ್ಲ. ಗ್ವಾಡಿ ಸರದೈತಿ ಅಂತ ಹೇಳಬೇಕಾಗತೈತಿ.”

“ಬಾಣಂತೀನ ಎಲ್ಲಿ ಒಯ್ಯಲೋ ಎಪ್ಪಾ?” ಎಂದಳು ಗಂಗವ್ವ. ತಾಲೂಕಿನಿಂದ ಬಂದಿದ್ದ ಸಾಹೇಬರು ಮನೆ ಖಾಲಿ ಮಾಡಿಸುವ ಹುಕುಂ ಬರೆಯಲು ಪೆನ್ನು ತೆಗೆದರು.

ನಾನು ಕಂಬದ ಮರೆಯಲ್ಲಿ ನಿಂತು ಬೆವರುತ್ತಿದ್ದೆ. ಏಳನೆಯ ಇಯತ್ತೆ ಕಲಿತವಳು ನಾನು. ಗಂಡಸರ ಸಭೆಯಲ್ಲಿ ಎಂದೂ ಬಾಯಿ ತೆರೆದವಳಲ್ಲ. ತಮ್ಮ ಮನೆಗೆ ಬಂದಾಗ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡೆ. ಆದರೆ ಪೆನ್ನು ಕಾಗದದ ಮೇಲೆ ಇಳಿದೇಬಿಟ್ಟಿತು.

“ತಮ್ಮಾ, ಅದು ಗ್ವಾಡಿ ಅಲ್ಲ. ನನ್ನ ಕೈ ಕೆಲಸ” ಎಂದೆ.

ಎಲ್ಲರೂ ತಿರುಗಿದರು. ಹೇಗೋ ಹೇಳಿ ಮುಗಿಸಿದೆ: “ಅಳಿಯಾಕ ಬರತಾರಂತ ಗೊತ್ತಾತು. ನಾಲ್ಕ ಮಂದಿ ನೋಡೂ ಗ್ವಾಡಿ ಹಂಗ್ಯಾಕ ಇರಬೇಕಂತ ಮಣ್ಣು ಸಗಣಿ ಕಲಸಿ ಮೆತ್ತಿ ಸಾರಿಸಿದ್ನಿ.”

ಚಾವಡಿ ಹಾರಿಹೋಗುವಂತೆ ನಕ್ಕರು! “ಕೋಟೆ ಸಾರಿಸಿದ ಮೊದಲನೇ ಹೆಣ್ಣಮಗಳು ನೀನಽ ಬಿಡವ್ವಾ” ಎಂದರು ಆ ಹಿರಿಯರು. ತಮ್ಮ ನಗಲಿಲ್ಲ. ನೆಟ್ಟಗೆ ನಮ್ಮ ಹಿತ್ತಲಿಗೆ ನಡೆದು, ಉಗುರಿನಿಂದ ಗೋಡೆ ಕೆರೆದ. ಮಣ್ಣು ಚಕ್ಕೆಯಾಗಿ ಅಂಗೈಗೆ ಬಿತ್ತು. ನಾಲ್ಕು ಜನರೆದುರು ಅವನ ಮರ್ಯಾದೆ ಕಳೆದೆನಲ್ಲ ಎಂದುಕೊಂಡೆ.

ಮಣ್ಣು ಕೆರೆದು, ತೊಳೆದು, ಗೋಡೆ ಒಣಗಿದ ಮೇಲೆ ತಾನೇ ಯಂತ್ರ ಹೂಡಿ ಅಳೆದ. “ಸರದಿಲ್ಲಂತ ಆಣಿ ಮಾಡಂಗಿಲ್ರಿ. ಸರದದ್ದು ನನಗ ಕಾಣವಲ್ದು. ವರ್ಷಕ್ಕ ಎರಡ ಸಲ ಅಳಿಯೂಣು” ಎಂದು ಸಾಹೇಬರಿಗೆ ಹೇಳಿದ. ಮನೆಗಳು ಉಳಿದವು.

ಅವತ್ತು ಸಂಜೆ ಅವನು ಒಲೆಯ ಹತ್ತಿರ ಬಂದು ಕುಳಿತು, ತನ್ನ ವರದಿಯ ಒಂದು ಪುಟ ತೋರಿಸಿದ. ಸಂಶಯಗಳನ್ನೆಲ್ಲ ಸಾಲಾಗಿ ಬರೆದಿದ್ದ. ಎಲ್ಲಕ್ಕೂ ಕೆಳಗೆ ಹೊಸ ಮಸಿಯಲ್ಲಿ ಒಂದು ಸಾಲು: ‘ಗೋಡೆಯ ಬುಡದಲ್ಲಿ ಬಾಳುವವರನ್ನು ಕೇಳದೆ ಲೆಕ್ಕ ಮಾಡಿದ್ದು. ಈ ತಪ್ಪು ನನ್ನದು.’

“ನೀ ಸುಮ್ಮನಿದ್ದಿದ್ರ ಬಾಣಂತೀನ ಬೀದಿಗಿ ಹಾಕಸ್ತಿದ್ನಿ ಅಕ್ಕಾ” ಎಂದ. ಕಾಗದ ಹಿಡಿದ ಕೈ ನಡುಗುತ್ತಿತ್ತು. ಗೋಡೆಯ ಹೊರೆಯನ್ನು ಅವನು ಒಬ್ಬನೇ ಹೊತ್ತಿದ್ದನೆಂದು ನನಗೆ ಆಗ ಗೊತ್ತಾಯಿತು. ಚಿಕ್ಕವನಿದ್ದಾಗ ಮಾಡುತ್ತಿದ್ದಂತೆ ಅವನ ತಲೆ ಸವರಿದೆ. ಕೂದಲೆಲ್ಲ ಬೆಳ್ಳಗಾಗಿದೆ.

ಅವನ ವರದಿ ಸರ್ಕಾರದ ಕಪಾಟಿನಲ್ಲಿದೆ. ಅವನ ಕೈ ನಡುಗಿದ್ದು ಅದರಲ್ಲಿಲ್ಲ, ಈ ಹಾಳೆಗಳಲ್ಲಿ ಮಾತ್ರ ಇದೆ. ಮಕ್ಕಳೇ, ಇವನ್ನು ಹಸಿ ತಾಗದ ಕಡೆ ಜೋಪಾನವಾಗಿ ಇಡಿ.